ಋಷಿಋಣವೂ ಲೇಖನಗಣನೆಯೂ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ಪೂರ್ವಿಕರು ಹೇಳುತ್ತಿದ್ದರು. ದೇವಋಣವು ಯಜ್ಞದಿಂದಲೂ, ಪಿತೃಋಣವು ಸಂತಾನದಿಂದಲೂ, ಋಷಿಋಣವು ಅಧ್ಯಯನದಿಂದಲೂ ತೀರತಕ್ಕವು. ಇವುಗಳಲ್ಲಿ ಮೂರನೆಯದು ವಿಚಿತ್ರವಾದುದು. ಸಾಲ ಕೊಟ್ಟವರು ಎಂದೋ ಕಾಲವಾದವರು. ಅವರಿಗೆ ಹಿಂದಿರುಗಿಸುವ ಬಗೆಯಿಲ್ಲ. ಆದುದರಿಂದ ಅದನ್ನು ಮುಂದೆ ಬರತಕ್ಕವರಿಗೆ ಸಲ್ಲಿಸಬೇಕು. ಪಡೆದ ವಿದ್ಯೆಯನ್ನು ಕೆಡದಂತೆ ಕಾಪಾಡಿ, ಸಾಧ್ಯವಾದರೆ ಒಂದು ಕಾಳಿನಷ್ಟಾದರೂ ಹೆಚ್ಚಿಸಿ, ಶಿಷ್ಯನ ಕೈಗೆ ಒಪ್ಪಿಸುವುದೇ ಆ ಋಣದ ಪರಿಹಾರ. ಇಂದು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆಯೆಂದು ಕರೆಯಲ್ಪಡುವುದು ಈ ಋಣಪರಿಹಾರದ ಹೊಸ ಹೆಸರೇ ಹೊರತು ಬೇರೆಯಲ್ಲ.

ಹೀಗಿರಲು ಈಚೆಗೆ ಒಂದು ಸಂಶಯವು ತಲೆದೋರಿದೆ. ವಿದ್ವಾಂಸನ ಯೋಗ್ಯತೆಯನ್ನು ಅವನು ಪ್ರಕಟಿಸಿದ ಲೇಖನಗಳ ಸಂಖ್ಯೆಯಿಂದ ಅಳೆಯುವ ಪದ್ಧತಿಯು ಬಂದಿತು. ಬಂದೊಡನೆ ಆ ಸಂಖ್ಯೆಯನ್ನು ಒದಗಿಸಿಕೊಡುವ ಪತ್ರಿಕೆಗಳೂ ಹುಟ್ಟಿದವು. ಮಾಹಿತಿವಿಜ್ಞಾನ, ತಂತ್ರವಿದ್ಯೆ, ಶಿಕ್ಷಣ, ಹಣಕಾಸು ಎಂಬ ನಾಲ್ಕನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚುಮಾಡುವ, ‘ಅಂತರರಾಷ್ಟ್ರೀಯ’ವೆಂದು ಹೆಸರಿಟ್ಟುಕೊಂಡ ಪತ್ರಿಕೆಗಳುಂಟು. ಶುಲ್ಕ ಸಲ್ಲಿಸಿದ ಕೆಲವೇ ದಿನಗಳಲ್ಲಿ ಲೇಖನವೂ ಪ್ರಮಾಣಪತ್ರವೂ ಕೈಸೇರುತ್ತವೆ. ಓದಿದವರು ಯಾರು, ತಿದ್ದಿದವರು ಯಾರು ಎಂಬುದು ಮಾತ್ರ ತಿಳಿಯದು. ಅಕ್ಕಸಾಲಿಗನ ಒರೆಗಲ್ಲು ಚಿನ್ನವನ್ನು ಪರೀಕ್ಷಿಸುತ್ತದೆ. ಅದೇ ಕಲ್ಲಿಗೆ ಅಕ್ಕಿಯನ್ನೂ ಅರಿವೆಯನ್ನೂ ತಿಕ್ಕಿ ‘ಎಲ್ಲವೂ ಉತ್ತಮ’ವೆನ್ನುವವನನ್ನು ಗಂಗಾವತಿಯ ಸಂತೆಯಲ್ಲಿ ಯಾರೂ ನಂಬರು. ವಿದ್ಯೆಯ ಸಂತೆಯಲ್ಲಿ ನಂಬುತ್ತಾರೆ. ಅಥವಾ ನಂಬಿದಂತೆ ನಟಿಸುತ್ತಾರೆ. ಯಾರೂ ಪರೀಕ್ಷಿಸದ ಬರಹವನ್ನು ಹಣತೆತ್ತು ಅಚ್ಚುಮಾಡಿಸಿ ಅದನ್ನು ಸಂಶೋಧನೆಯೆಂದು ತೋರಿಸುವುದು ಧರ್ಮವೋ ಅಧರ್ಮವೋ? ಅಧರ್ಮವಾದರೆ ಅದರ ಪಾಪವು ಯಾರಿಗೆ?

ಶಾಸ್ತ್ರಕ್ರಮದಲ್ಲಿ ಪೂರ್ವಪಕ್ಷವನ್ನು ಮೊದಲು ಹೇಳಬೇಕು. ಅದೂ ಎದುರಾಳಿಯು ‘ನನ್ನ ವಾದವನ್ನು ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ’ ಎನ್ನುವಂತೆ ಹೇಳಬೇಕು. ಕುಷ್ಟಗಿಯಲ್ಲಿಯೋ ಯಲಬುರ್ಗಾದಲ್ಲಿಯೋ ಪಾಠ ಹೇಳುವ ಒಬ್ಬ ತರುಣ ಅತಿಥಿ ಉಪನ್ಯಾಸಕನನ್ನು ವಾಚಕರು ಕಲ್ಪಿಸಿಕೊಳ್ಳಲಿ. ವರ್ಷದಲ್ಲಿ ಕೆಲವು ತಿಂಗಳು ಗೌರವಧನ. ಉಳಿದ ತಿಂಗಳು ಚಿಂತೆ. ಮನೆಯಲ್ಲಿ ವೃದ್ಧರಾದ ತಾಯಿತಂದೆಗಳು, ಶಾಲೆಗೆ ಹೋಗುವ ಮಕ್ಕಳು. ಅವನು ಹೀಗೆನ್ನುತ್ತಾನೆ: “ನಿಯಮವನ್ನು ಮಾಡಿದವನು ನಾನಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯು ಅಧ್ಯಾಪಕರ ನೇಮಕಕ್ಕೂ ಬಡತಿಗೂ ಅಂಕಗಳ ಲೆಕ್ಕವನ್ನು ತಂದಿತು. 2016ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮುನ್ನವೇ ಲೇಖನವು ಪ್ರಕಟವಾಗಿರಬೇಕೆಂದು ವಿಧಿಸಿತು. ಒಳ್ಳೆಯ ಪತ್ರಿಕೆಗಳು ಉತ್ತರ ಕೊಡುವುದಕ್ಕೆ ವರ್ಷ ಕಾಯಿಸುತ್ತವೆ, ಸಂದರ್ಶನವು ಕಾಯುವುದಿಲ್ಲ. ಪಶ್ಚಿಮದೇಶಗಳ ದೊಡ್ಡ ಪ್ರಕಾಶಕರೂ ಲೇಖಕನಿಂದ ಶುಲ್ಕ ಪಡೆಯುತ್ತಾರೆ. ಶ್ರೀಮಂತನು ಲಕ್ಷ ಕೊಟ್ಟರೆ ಅದು ಮುಕ್ತಪ್ರಕಟಣೆ, ಬಡವನು ಸಾವಿರ ಕೊಟ್ಟರೆ ಮೋಸವೆ? ಅದಿರಲಿ, ಇದರಿಂದ ಕೆಟ್ಟವರು ಯಾರು? ಈ ಲೇಖನಗಳನ್ನು ಯಾರೂ ಓದುವುದಿಲ್ಲ. ಯಾರೂ ಕೇಳದ ಸುಳ್ಳು ಸುಳ್ಳು ಹೇಗಾದೀತು? ನನ್ನ ಮಕ್ಕಳ ಅನ್ನವಾದರೋ ನಿಜವಾದುದು.”

ಈ ವಾದವು ಹಗುರವಾದುದಲ್ಲ. ಹೊಟ್ಟೆ ತುಂಬಿದವರು ಇದನ್ನು ಕೇಳಿ ನಗುವುದು ಸುಲಭ. ಉತ್ತರ ಕೊಡುವುದು ಕಷ್ಟ. ಅದರಲ್ಲಿಯ ಒಂದು ಮಾತನ್ನು ಮೊದಲೇ ಒಪ್ಪಿಬಿಡಬೇಕು: ಶುಲ್ಕವೇ ದೋಷವಲ್ಲ. ಕಾಗದಕ್ಕೂ ಅಚ್ಚಿಗೂ ಯಂತ್ರಕ್ಕೂ ವೆಚ್ಚವುಂಟು. ಅದನ್ನು ಓದುಗನು ಕೊಡಲಿ, ಲೇಖಕನು ಕೊಡಲಿ, ಸರಕಾರವು ಕೊಡಲಿ. ಅಚ್ಚಿಗೆ ಬೆಲೆಯಿರಬಹುದು, ತೀರ್ಪಿಗೆ ಬೆಲೆಯಿರಬಾರದು. ದೋಷವಿರುವುದು ಪರೀಕ್ಷೆ ನಡೆಯದಿದ್ದರೂ ನಡೆಯಿತೆಂದು ಹೇಳುವಲ್ಲಿ.

ಆದರೆ ‘ಯಾರೂ ಓದುವುದಿಲ್ಲ’ವೆಂಬುದು ನಿಲ್ಲುವ ಮಾತಲ್ಲ. 2013ರಲ್ಲಿ ಜಾನ್ ಬೋಹಾನನ್ ಎಂಬ ಪತ್ರಕರ್ತನು ಕಲ್ಪಿತ ಹೆಸರುಗಳಿಂದ, ಬೇಕೆಂದೇ ದೋಷಗಳನ್ನು ತುಂಬಿದ ಒಂದು ಔಷಧವಿಷಯದ ಲೇಖನವನ್ನು ಸ್ವಲ್ಪ ಸ್ವಲ್ಪ ಬದಲಿಸಿ 304 ಪತ್ರಿಕೆಗಳಿಗೆ ಕಳುಹಿಸಿದನು. 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ‘ಸೈನ್ಸ್’ ಪತ್ರಿಕೆಯಲ್ಲಿ ಅವನು ಈ ವೃತ್ತಾಂತವನ್ನು ಪ್ರಕಟಿಸಿದ್ದರಿಂದ ಅದು ಲೋಕಕ್ಕೆ ತಿಳಿಯಿತು. ಹಾಗೆ ಯಾರೂ ಬಯಲಿಗೆಳೆಯದ ಲೇಖನಗಳ ಗತಿಯೇನು? ಅವು ಎಲ್ಲರಿಗೂ ದೊರೆಯುವ ಭಂಡಾರದಲ್ಲಿ ಬಿದ್ದಿರುತ್ತವೆ. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಕೈಫೋನಿನಲ್ಲಿ ಹುಡುಕಿದಾಗ ಸಾಚಾ ಲೇಖನದ ಮಗ್ಗುಲಲ್ಲಿಯೇ ಅದೂ ಬರುತ್ತದೆ. ಎರಡಕ್ಕೂ ಒಂದೇ ಉಡುಗೆ. ಬರೆದವನಿಗೆ ಅದು ಸುಳ್ಳೆಂದು ಗೊತ್ತು, ಓದುವವಳಿಗೆ ಗೊತ್ತಿಲ್ಲ. ಯಾರೂ ಇಲ್ಲವೆಂದು ಕತ್ತಲೆಯಲ್ಲಿ ಬಾವಿಗೆ ಕಸ ಚೆಲ್ಲಿದವನು ಬೆಳಿಗ್ಗೆ ನೀರು ಸೇದಲು ಬರುವವರನ್ನು ಮರೆತಿರುತ್ತಾನೆ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ನರು 1931ರಲ್ಲಿ ತಮ್ಮ ಪಂಚಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ 1962ರಲ್ಲಿ ಮಾಹಿತಿಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ದೇಹವಿಟ್ಟ ಆ ಮಹನೀಯರು ಓದುಗನ ಕಾಲವನ್ನು ಉಳಿಸುವುದನ್ನು ಗ್ರಂಥಪಾಲಕನ ಧರ್ಮವೆಂದು ಎಣಿಸಿದ್ದರು. ಆ ಧರ್ಮವು ಗ್ರಂಥಪಾಲಕನಿಗೆ ಮಾತ್ರವೆ? ಹತ್ತು ಹೊಟ್ಟುಲೇಖನಗಳನ್ನು ತೂರಿ ಒಂದು ಗಟ್ಟಿಕಾಳನ್ನು ಹುಡುಕುವ ಶ್ರಮವನ್ನು ಅರಿಯದ ಮಕ್ಕಳ ಮೇಲೆ ಹೇರುವವನು ಅವರ ಆಯುಸ್ಸನ್ನು ಕದಿಯುತ್ತಾನೆ.

ಇನ್ನು ಕೃತಿಚೌರ್ಯದ ವಿಷಯ. ಆಯೋಗವು 2018ರಲ್ಲಿ ಅದನ್ನು ತಡೆಯಲು ನಿಯಮಗಳನ್ನು ಮಾಡಿ, ಬರಹವು ಬೇರೊಂದನ್ನು ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಹೋಲಿದರೆ ಕ್ರಮ ಕೈಗೊಳ್ಳಬೇಕೆಂದಿತು. ಹೋಲಿಕೆಯನ್ನು ಅಳೆಯುವುದು ಯಂತ್ರ. ಯಂತ್ರವನ್ನು ವಂಚಿಸಲು ಇನ್ನೊಂದು ಯಂತ್ರ ಬಂದಿತು. ಕದ್ದ ವಾಕ್ಯದ ಪದಗಳಿಗೆ ಪರ್ಯಾಯಪದಗಳನ್ನು ಹಾಕಿಕೊಡುವುದು ಅದರ ಕೆಲಸ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಅವರ ಸಂಗಡಿಗರು ಇಂತಹ ನುಡಿಗಳನ್ನು ಆರಿಸಿ ತೋರಿಸಿದರು. ಕೃತಕ ಬುದ್ಧಿಯೆಂದಿರಬೇಕಾದಲ್ಲಿ ‘ನಕಲಿ ಪ್ರಜ್ಞೆ’ಯೆಂದೂ, ಸ್ತನದ ಅರ್ಬುದರೋಗವೆಂದಿರಬೇಕಾದಲ್ಲಿ ‘ಎದೆಯ ಗಂಡಾಂತರ’ವೆಂದೂ ಅರ್ಥ ಕೊಡುವ ಇಂಗ್ಲಿಷ್ ಪದಗಳು ಅಚ್ಚಾಗಿದ್ದುವು! ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನೂ ಪರ್ಯಾಯಪದವನ್ನು ಎಲ್ಲಿ ಬೇಕಾದರಲ್ಲಿ ಇಡಬಾರದೆಂದು ಬಲ್ಲನು. ಆ ಲೇಖನಗಳನ್ನು ಬರೆದವನು ಓದಲಿಲ್ಲ, ಪರೀಕ್ಷಕನು ಓದಲಿಲ್ಲ, ಸಂಪಾದಕನು ಓದಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. 2023ರ ಒಂದೇ ವರ್ಷದಲ್ಲಿ ಲೋಕದಲ್ಲೆಲ್ಲ ಹತ್ತು ಸಾವಿರಕ್ಕೂ ಮಿಕ್ಕಿದ ಲೇಖನಗಳು ಹಿಂತೆಗೆದುಕೊಳ್ಳಲ್ಪಟ್ಟುವು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚಿನವು ಹಿಂದಾವಿಯೆಂಬ ಒಂದೇ ಪ್ರಕಾಶನದವು. ಆದುದರಿಂದ ಈ ರೋಗವು ಬಡದೇಶದ ಬಡ ಉಪನ್ಯಾಸಕನದು ಮಾತ್ರವಲ್ಲ.

ಹಾಗಾದರೆ ಪಾಪವು ಯಾರಿಗೆ? ಮಾಡಿದವನು, ಮಾಡಿಸಿದವನು, ಪ್ರೇರಿಸಿದವನು, ಅನುಮೋದಿಸಿದವನು—ಈ ನಾಲ್ವರೂ ಪುಣ್ಯಪಾಪಗಳಲ್ಲಿ ಸಮಭಾಗಿಗಳೆಂದು ಹಿರಿಯರು ನಿರ್ಣಯಿಸಿದ್ದಾರೆ. ಲೇಖಕನು ಮಾಡಿದವನು. ತನ್ನ ಹೆಸರನ್ನೂ ಸೇರಿಸೆಂದ ಮಾರ್ಗದರ್ಶಕನು ಮಾಡಿಸಿದವನು. ಸಂಖ್ಯೆಯನ್ನೇ ಕೇಳಿದ ನಿಯಮವು ಪ್ರೇರಕ. ಲೇಖನದ ಒಂದು ಪುಟವನ್ನಾದರೂ ತಿರುವಿ ನೋಡದೆ ಅಂಕ ಹಾಕಿದ ಆಯ್ಕೆಸಮಿತಿಯು ಅನುಮೋದಕ. ಓದದೆ ಎಣಿಸುವವನೂ ತಿಳಿಯದೆ ಬರೆಯುವವನೂ ಒಂದೇ ವ್ಯವಹಾರದ ಪಾಲುದಾರರು. ಇಷ್ಟು ಹೇಳಿದುದರಿಂದ ತರುಣನ ಪಾಲು ಅಳಿದುಹೋಗುವುದಿಲ್ಲ. ಅವನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲವೆಂದು ಮಾತ್ರ ತಿಳಿಯುತ್ತದೆ.

ನಿಯಮಗಳ ಚರಿತ್ರೆಯೂ ಇದನ್ನೇ ಸಾರುತ್ತದೆ. ಆಯೋಗವು ಒಪ್ಪತಕ್ಕ ಪತ್ರಿಕೆಗಳನ್ನು ಗುರುತಿಸಲು 2018ರಲ್ಲಿ ‘ಕೇರ್’ ಎಂಬ ವ್ಯವಸ್ಥೆಯನ್ನು ಏರ್ಪಡಿಸಿ ಪಟ್ಟಿಯನ್ನು ಮಾಡಿಸಿತು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನು ಕೈಬಿಟ್ಟಿತು. ಪಿಎಚ್.ಡಿ.ಗೆ ಮುನ್ನ ಲೇಖನವು ಕಡ್ಡಾಯವೆಂಬ ವಿಧಿಯನ್ನು 2022ರಲ್ಲಿ ತೆಗೆದುಹಾಕಿತು. ಕಟ್ಟುವುದೂ ಬಿಚ್ಚುವುದೂ ನಡೆದೇ ಇವೆ. ಏಕೆಂದರೆ ಓದುವ ಕಣ್ಣಿನ ಕೆಲಸವನ್ನು ಯಾವ ಪಟ್ಟಿಯೂ ಮಾಡಲಾರದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ 256 ಎಂಬ ಅಂಕೆಯುಂಟು. ಅದು ಬುದ್ಧನಿರ್ವಾಣದಿಂದ ಕಳೆದ ವರ್ಷಗಳೆಂದು ಕೆಲವರು, ಪ್ರಯಾಣದಲ್ಲಿ ಕಳೆದ ರಾತ್ರಿಗಳೆಂದು ಕೆಲವರು ದೀರ್ಘಕಾಲ ವಾದಿಸಿದರು. ಕಲ್ಲಿನ ಮೇಲೆ ಕೊರೆದ ಅಂಕೆಯೂ ಅರ್ಥವನ್ನು ತಾನಾಗಿ ಹೇಳದು. ವಿದ್ವಾಂಸರು ಓದಿ, ತೂಗಿ, ಹೇಳಬೇಕು. ಹೀಗಿರಲು ಅರ್ಜಿಯ ಮೇಲಿನ ಅಂಕೆಯು ಏನನ್ನು ಹೇಳೀತು?

ನಿಜವಾದ ಶೋಧದ ಲಕ್ಷಣವನ್ನು ಕಾಣಲು ಕೊಪ್ಪಳದವರು ದೂರ ಹೋಗಬೇಕಾಗಿಲ್ಲ. 1837ರಲ್ಲಿ ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ಪನು ಶಾಸನಗಳ ಪಿಯದಸಿರಾಜನನ್ನು ಮೊದಲು ಸಿಂಹಳದ ಅರಸನೆಂದು ತಿಳಿದಿದ್ದನು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರನು ಪಾಳೀಗ್ರಂಥವನ್ನು ನೋಡಿ ಅವನು ಅಶೋಕನೆಂದು ತಿಳಿಸಲು, ಪ್ರಿನ್ಸೆಪ್ಪನು ತನ್ನ ತಪ್ಪನ್ನು ಬಹಿರಂಗವಾಗಿ ತಿದ್ದಿಕೊಂಡನು. ಹೀಗೆ ತಿದ್ದಿಕೊಂಡುದರಿಂದ ಅವನ ಕೀರ್ತಿಯು ಕುಂದಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪಗಳ ಕೆಲಸದಲ್ಲಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಅಶೋಕನ ಹೆಸರನ್ನೇ ಹೊತ್ತ ಶಾಸನವು ಬಿದ್ದಿತು. ಟರ್ನರನ ಮಾತಿಗೆ 78 ವರ್ಷಗಳ ಮೇಲೆ ಕಲ್ಲೇ ಸಾಕ್ಷಿ ನುಡಿಯಿತು. ಮುಂದೆ 1931ರಲ್ಲಿ, ರಂಗನಾಥನ್ನರ ಸೂತ್ರಗಳು ಹೊರಬಂದ ವರ್ಷವೇ, ಕೊಪ್ಪಳದ ಎನ್. ಬಿ. ಶಾಸ್ತ್ರಿಗಳು ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನಲ್ಲಿಯೂ ಇದ್ದ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಆರ್. ಎಲ್. ಟರ್ನರರು ಮರುವರ್ಷ ಅವುಗಳನ್ನು ಸಂಪಾದಿಸಿ ಪ್ರಕಟಿಸಿದರು. ಅನೇಕ ತಲೆಮಾರುಗಳು ಹತ್ತಿ ಇಳಿದ ಬೆಟ್ಟವದು. ಶಾಸ್ತ್ರಿಗಳು ನಿಂತು ನೋಡಿದರು. ಅವರ ಲೇಖನಗಳೆಷ್ಟು ಎಂದು ಇಂದು ಯಾರೂ ಕೇಳುವುದಿಲ್ಲ.

ಅಂತಹ ಕಲ್ಲುಗಳು ಈ ನಾಲ್ಕು ಊರುಗಳ ಸುತ್ತ ಇಂದಿಗೂ ಇವೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜವಾಗಿ ಮಾಡಿತು. ಅದೇ ನೀರು ಬಸಿದುಹೋಗದೆ ಎಷ್ಟೋ ಹೊಲಗಳನ್ನು ಸವಳು-ಜವಳು ಮಾಡಿತು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಆ ಮಣ್ಣಿನ ಚಿಕಿತ್ಸೆಯನ್ನು ಕುರಿತು ಪ್ರಯೋಗಗಳು ನಡೆಯುತ್ತಿವೆ. ಉಪ್ಪು ಬೆಳೆಯಿಂದ ಬೆಳೆಗೆ ಎಷ್ಟು ಇಳಿಯಿತೆಂದು ಅಳೆಯುವ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಶುಲ್ಕ ಕೊಟ್ಟರೆ ಮಣ್ಣು ಒಪ್ಪಿಕೊಳ್ಳುವುದಿಲ್ಲ. ಕುಷ್ಟಗಿ-ಯಲಬುರ್ಗಾಗಳ ಮಳೆಯಾಧಾರದ ಹಳ್ಳಿಗಳಿಂದ ಜನರು ಗುಳೆ ಹೋಗುತ್ತಾರೆ. ತಂದೆತಾಯಿಗಳೊಡನೆ ಗುಳೆ ಹೋದ ಮಗುವಿನ ಪಾಠವು ಏನಾಗುತ್ತದೆ? ಮುಂಗಡದ ಸಾಲವು ಒಂದು ಮನೆಯನ್ನು ಎಷ್ಟು ವರ್ಷ ಹಿಡಿದಿರುತ್ತದೆ? ಕಿನ್ನಾಳದ ಚಿತ್ರಗಾರರ ಕೈಯಲ್ಲಿರುವ ಬಣ್ಣದ ವಿದ್ಯೆಯನ್ನು ಬರೆದಿಡುವವರಾರು? ಶಿಕ್ಷಣ, ಹಣಕಾಸು, ತಂತ್ರವಿದ್ಯೆ, ಮಾಹಿತಿಯೆಂಬ ನಾಲ್ಕು ಶಾಸ್ತ್ರಗಳೂ ಇಲ್ಲಿ ಬಾಗಿಲಲ್ಲಿ ನಿಂತಿವೆ. ಇವುಗಳಲ್ಲಿ ಒಂದು ಪ್ರಶ್ನೆಯನ್ನು ಹಿಡಿದು ಹತ್ತು ಮನೆಗಳ ಲೆಕ್ಕವನ್ನು ಸಾಚಾ ಆಗಿ ಬರೆದವನು, ನೂರು ದೇಶಗಳ ವಿಷಯವನ್ನು ಕದ್ದು ಬರೆದವನಿಗಿಂತ ದೊಡ್ಡ ಸಂಶೋಧಕನು.

ಸಾಲದಾತರು ಋಷಿಗಳಷ್ಟೇ ಅಲ್ಲವೆಂಬುದನ್ನೂ ನೆನೆಯಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಮೂರು ವರ್ಷಗಳಿಗಾಗಿ ಸುಮಾರು 6,000 ಕೋಟಿ ರೂಪಾಯಿಗಳನ್ನು ಒಪ್ಪಿ, ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳವರು ಓದುವಂತೆ ಏರ್ಪಡಿಸಿತು. ಅದು ಬೆಂಕಿಪೆಟ್ಟಿಗೆಗೂ ಸಾಬೂನಿಗೂ ತೆರಿಗೆ ತೆತ್ತವರ ಹಣ. ಗುಳೆ ಹೋಗುವವನ ಪಾಲೂ ಅದರಲ್ಲುಂಟು.

ಆದುದರಿಂದ ಸಿದ್ಧಾಂತವಿದು. ನಿಯಮ ಮಾಡತಕ್ಕವರು ಎಣಿಸುವುದನ್ನು ಬಿಟ್ಟು ಓದಬೇಕು. ಅಭ್ಯರ್ಥಿಯು ತನ್ನದೆಂದು ಆರಿಸಿಕೊಟ್ಟ ಒಂದೆರಡು ಬರಹಗಳನ್ನಾದರೂ ಪೂರ್ತಿಯಾಗಿ ಓದಿ ಪ್ರಶ್ನಿಸಬೇಕು. ಮಾರ್ಗದರ್ಶಕನು ತಾನು ದುಡಿಯದ ಲೇಖನಕ್ಕೆ ಹೆಸರನ್ನು ಕೊಡಬಾರದು. ಇವರು ತಿದ್ದಿಕೊಳ್ಳುವವರೆಗೆ ತರುಣನು ಏನು ಮಾಡಬೇಕು? ಇದಕ್ಕೆ ಸುಲಭವಾದ ಉತ್ತರವಿಲ್ಲ. ಸತ್ಯವನ್ನು ಹಿಡಿದವನಿಗೆ ಹುದ್ದೆಯು ತಪ್ಪಬಹುದು. ತಪ್ಪುವುದಿಲ್ಲವೆಂದು ಹೇಳುವವನು ಅವನನ್ನು ಮೋಸಗೊಳಿಸುತ್ತಾನೆ. ಆದರೆ ನಾಳೆ ತರಗತಿಯಲ್ಲಿ ನಕಲು ಮಾಡುವ ಹುಡುಗನ ಕೈಯನ್ನು ಹಿಡಿಯಬೇಕಾದವನೂ ಅವನೇ. ಆ ಕೈ ನಡುಗದಿರಬೇಕಾದರೆ, ಒಂದೇ ಒಂದಾದರೂ ತಾನು ಕಂಡುದನ್ನು, ಕಂಡಷ್ಟನ್ನೇ, ಬರೆದಿರಬೇಕು.

ಗವಿಮಠದ ಬೆಟ್ಟದ ಮೇಲಿನ ಆ ಶಾಸನದ ತಾತ್ಪರ್ಯವೂ ಇದಕ್ಕೆ ದೂರವಲ್ಲ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಉದ್ಯಮಶೀಲನಾದರೆ ಸಣ್ಣವನೂ ಅದನ್ನು ಪಡೆಯಬಲ್ಲನೆಂದು ಚಕ್ರವರ್ತಿಯು ಅಲ್ಲಿ ಕೊರೆಯಿಸಿದನು. ಆ ಬಂಡೆಯು ಊರಿನ ಮಗ್ಗುಲಲ್ಲಿಯೇ ಇದೆ. ಹತ್ತಿ ನೋಡುವುದಕ್ಕೆ ಶುಲ್ಕವಿಲ್ಲ.