ಮೂರು ಹೂ

ಧನುರ್ಮಾಸ ಬಂತೆಂದರೆ ನಮ್ಮ ಕುಡುಮಲಕುಂಟೆಯಲ್ಲಿ ಬೆಳಕು ಹರಿಯುವ ಮೊದಲೇ ಪೊರಕೆಯ ಸದ್ದು. ಡಿಸೆಂಬರ್ 16ರ ಸುಮಾರಿನಿಂದ ಸಂಕ್ರಾಂತಿಯವರೆಗೆ ಅಂಗಳ ಸಾರಿಸಿ, ರಂಗೋಲಿಯಿಟ್ಟು, ನಡುವೆ ಸಗಣಿ ಉಂಡೆ ಕೂರಿಸಿ, ತಲೆಗೆ ಸಿಹಿಗುಂಬಳದ ಹೂ ಸಿಕ್ಕಿಸುತ್ತೇವೆ. ಆಂಧ್ರದ ಗಡಿ ಹತ್ತಿರ. ತೆಲುಗಿನ 'ಗೊಬ್ಬೆಮ್ಮ' ಎಂಬ ಹೆಸರೇ ನಮ್ಮ ಬಾಯಲ್ಲೂ.

ಮದುವೆಯಾಗಿ ಬಂದ ವರ್ಷ ಹೂವಿಗೆಂದು ಕತ್ತಲಲ್ಲೇ ಬೇಲಿಗೆ ಕೈ ಹಾಕಿದೆ. ಬಳ್ಳಿ ಪಕ್ಕದ ಮನೆಯ ಅಜ್ಜಿಯದು. ಬೆಳಗಾದ ಮೇಲೆ ಅಜ್ಜಿ ರಂಗೋಲಿಯ ಮುಂದೆ ನಿಂತು, "ಚೆನ್ನಾಗೈತಮ್ಮ. ಇದ್ರಾಗೆ ಮೂರು ನನ್ ಕಾಯಿ" ಎಂದಳು. ನೋಡಿದರೆ ಮೂರು ಹೂಗಳ ಬುಡದಲ್ಲಿ ಗೋಲಿಯಷ್ಟು ಹೀಚು. ಕಾಯಿ ಮಾರಿ ಉಪ್ಪು, ಎಣ್ಣೆ ತರುತ್ತಿದ್ದ ಮುದುಕಿ. ಗಂಡು ಹೂ, ಹೆಣ್ಣು ಹೂಗಳ ಪಾಠ ಮಾಡಿ ಬಿ.ಎಡ್. ಪಾಸಾದವಳು ನಾನು!

"ದೇವರಿಗೆ ಇಟ್ಟ ಹೂವಿಗೆ ಕಳ್ಳತನವಿಲ್ಲ" ಎಂದರು ನಮ್ಮತ್ತೆ. ಆ ಮಾತು ನನಗೆ ಹಿಡಿಸಲಿಲ್ಲ. ದೇವರ ಹೆಸರಿನಲ್ಲಿ ಅಜ್ಜಿಯ ಕಾಯಿಯನ್ನು ಕೊಟ್ಟುಬಿಡಲು ನಾವು ಯಾರು?

ಅಂದಿನಿಂದ ಕೇಳಿಯೇ ಕೀಳುತ್ತೇನೆ, ಅದೂ ಉದ್ದ ತೊಟ್ಟಿನ ಗಂಡು ಹೂವನ್ನು. ಆದರೂ ಪೂರ್ತಿ ಸಮಾಧಾನವಿಲ್ಲ. ಕುಂಬಳದ ಹೂ ಅರಳುವುದು ಒಂದೇ ಬೆಳಗು, ಬಿಸಿಲೇರಿದರೆ ಮುದುಡುತ್ತದೆ. ಜೇನು ಪರಾಗ ಒಯ್ಯುವುದು ಅಷ್ಟರೊಳಗೆ. ಜೇನಿಗಿಂತ ಮೊದಲೇ ನಾನು ಎದ್ದು ಗಂಡು ಹೂವನ್ನೆಲ್ಲ ಬಾಗಿಲಿಗೆ ತಂದರೆ ಹೆಣ್ಣು ಹೂವಿನ ಹೀಚು ಉದುರಿಹೋಗುತ್ತದೆ. ಪೇಟೆಯ ಪ್ಲಾಸ್ಟಿಕ್ ತೋರಣಕ್ಕೆ ದುಡ್ಡು ಕೊಡುತ್ತೇವೆ. ಬೇಲಿಯದು ಪುಕ್ಕಟೆ ಎಂದುಕೊಳ್ಳುತ್ತೇವೆ.

ಅಜ್ಜಿ ಈಗಿಲ್ಲ. ಬಳ್ಳಿ ಹಬ್ಬಿಸುವವಳು ಅವಳ ಸೊಸೆ. ಈ ಸಲ ಐದು ಉಂಡೆ ಇಟ್ಟೆ. ಎರಡಕ್ಕೆ ಹೂ, ಉಳಿದವಕ್ಕೆ ಗರಿಕೆ.