ಮಾರಿದ ಮೇಲೂ ಉಳಿಯುವ ‘ನನ್ನದು’

ವಸ್ತುವನ್ನು ಗಳಿಸುವುದು ಕಷ್ಟ, ಗಳಿಸಿದ್ದನ್ನು ಬಿಡುವುದು ಅದಕ್ಕಿಂತ ಕಷ್ಟವೆಂದು ಹಿರಿಯರು ಹೇಳುವುದುಂಟು. ಆದರೆ ವಸ್ತುವು ಕೈಬಿಟ್ಟುಹೋದ ಮಾತ್ರಕ್ಕೆ ಅದನ್ನು ಬಿಟ್ಟಂತಾಗುವುದೇ? ಈ ಪ್ರಶ್ನೆಯು ನನ್ನಂಥ ಸಾಮಾನ್ಯ ಶ್ರಾವಕನನ್ನು ಕಾಡಿದ್ದು ಶಾಸ್ತ್ರಸಭೆಯಲ್ಲಿ ಅಲ್ಲ. ಮನೆಯ ಅಂಗಳದಲ್ಲಿ, ಹಳೆಯ ವಾಹನವೊಂದನ್ನು ಮಾರುವ ಸಂದರ್ಭದಲ್ಲಿ.

ವಯನಾಡಿನ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷಗಳ ಕಾಲ ಒಂದು ಜಿಪ್ಸಿ ಇತ್ತು. ಹಳೆಯದನ್ನು ಕೊಂಡು, ಕಾಫಿ ತೋಟದ ಹಾದಿಗೆ ಒದಗಲೆಂದು ಅದನ್ನು ಎತ್ತರಿಸಿದ್ದೆ. ಅಗಲವಾದ ಟೈರುಗಳು, ಕಬ್ಬಿಣದ ಬಂಪರು, ಗಂಭೀರ ಧ್ವನಿಯ ಸೈಲೆನ್ಸರು, ಹೀಗೆ ಒಂದೊಂದನ್ನೂ ನಾನೇ ಆರಿಸಿ ಹಾಕಿಸಿದ್ದೆ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಅದು ಏರುವಾಗ ನನ್ನ ಮನಸ್ಸೂ ಏರುತ್ತಿತ್ತು. 2018ರ ಫೆಬ್ರವರಿಯಲ್ಲಿ ಗುಂಡ್ಲುಪೇಟೆ, ಮೈಸೂರು ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಹೋಗಿ ಪತ್ನಿಯೊಡನೆ ಮಹಾಮಸ್ತಕಾಭಿಷೇಕವನ್ನು ಕಂಡು ಬಂದದ್ದೂ ಅದರಲ್ಲಿಯೇ.

ಕಾಲಕ್ರಮದಲ್ಲಿ ಸಂಸಾರ ಬೆಳೆಯಿತು. ಇಬ್ಬರು ಮಕ್ಕಳಾದರು, ತಾಯಿಯವರಿಗೆ ವಯಸ್ಸಾಯಿತು. ಗಾಡಿಗೆ ಇದ್ದದ್ದು ಎರಡೇ ಬಾಗಿಲು. ಹಿಂದೆ ಎದುರುಬದುರಾಗಿ ಅಡ್ಡ ಬೆಂಚುಗಳು, ಅವುಗಳಿಗೆ ಸೀಟುಬೆಲ್ಟು ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಆಸನ ಕಡ್ಡಾಯವೆಂದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಹೇಳುತ್ತದೆ. ಅದನ್ನು ಬಲ್ಲೆನಾದರೂ ‘ಇನ್ನೊಂದು ವರ್ಷ ನೋಡೋಣ’ ಎನ್ನುತ್ತಿದ್ದೆ.

ಪ್ರತಿ ಚತುರ್ದಶಿಯಂದು ತಪ್ಪದೆ ಬಸದಿಗೆ ಬರುತ್ತಿದ್ದ ತಾಯಿಯವರು ಒಮ್ಮೆ, “ನೀವು ಹೋಗಿಬನ್ನಿ, ನಾನು ಮನೆಯಲ್ಲೇ ಕುಳಿತು ಜಪ ಮಾಡುತ್ತೇನೆ” ಎಂದರು. ಮುಂದಿನ ಚತುರ್ದಶಿಗೂ ಅದೇ ಮಾತು. ವಯಸ್ಸಿಗೆ ತಕ್ಕ ವೈರಾಗ್ಯವೆಂದು ನಾನು ತಿಳಿದೆ. ಹಲವು ತಿಂಗಳುಗಳ ಬಳಿಕ ಮಗಳು ಹೇಳಿದಳು: “ಅಪ್ಪಾ, ಅಜ್ಜಿಗೆ ಈ ಗಾಡಿ ಹತ್ತಲು ಆಗುವುದಿಲ್ಲ. ಮಂಡಿ ನೋಯುತ್ತದಂತೆ.” ತಾಯಿ ಮತ್ತು ಬಸದಿಯ ನಡುವೆ ಅಡ್ಡವಾಗಿ ನಿಂತಿದ್ದುದು ನಾನು ಪ್ರೀತಿಯಿಂದ ಏರಿಸಿದ ಆ ಎತ್ತರ.

ಪರಿಗ್ರಹವೆಂದರೆ ಮೂರ್ಛೆ ಎಂಬುದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಟ್ಟ ಲಕ್ಷಣ. ಕನ್ನಡ, ಮಲೆಯಾಳ, ಮರಾಠಿ, ಯಾವ ನುಡಿಯ ಮನೆಯಲ್ಲಿಯೂ ಮೂರ್ಛೆ ಹೋದವನೆಂದರೆ ಎಚ್ಚರ ತಪ್ಪಿದವನು. ಆಚಾರ್ಯರು ಮಮಕಾರಕ್ಕೆ ಈ ಶಬ್ದವನ್ನೇ ಏಕೆ ಇಟ್ಟರೆಂಬುದು ನನಗೆ ಅಂದು ಅರ್ಥವಾಯಿತು. ಇಂಜಿನಿನ ಸಣ್ಣ ಸದ್ದು ಬದಲಾದರೂ ಗುರುತಿಸುತ್ತಿದ್ದ ನನಗೆ ತಾಯಿಯ ಮಂಡಿಯ ನೋವು ಕಾಣಿಸಿರಲಿಲ್ಲ.

ಮಾರಲು ನಿಶ್ಚಯಿಸಿದೆ. ಆಗ ಎರಡನೆಯ ಪರೀಕ್ಷೆ ಬಂದಿತು. ತೋಟದ ಹಾದಿಯಲ್ಲಿ ಒಮ್ಮೆ ಬಂಡೆಗೆ ಬಡಿದು ಗಾಡಿಯ ಛಾಸಿ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಿ ಬಣ್ಣ ಬಳಿಸಿದ್ದೆ. “ಕೇಳಿದರೆ ಹೇಳಿ, ಕೇಳದಿದ್ದರೆ ಸುಮ್ಮನಿರಿ” ಎಂದ ದಲ್ಲಾಳಿ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೂ ಒಂದು, ಕೀಳು ವಸ್ತುವನ್ನು ಒಳ್ಳೆಯದೆಂದು ತೋರಿಸಿ ಮಾರುವುದು. ಬೆಸುಗೆಯ ಮೇಲಿನ ಬಣ್ಣ ಅದಲ್ಲದೆ ಮತ್ತೇನು? ಇದಲ್ಲದೆ, ತಯಾರಕರು ನಿಗದಿಪಡಿಸಿದ ಮೂಲ ಸ್ವರೂಪಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿತ್ತು. ನನ್ನ ಹವ್ಯಾಸದ ದಂಡವನ್ನು ಇನ್ನೊಬ್ಬನು ತೆರಬಾರದು. ಸೈಲೆನ್ಸರು, ಟೈರು, ಎತ್ತರಗಳನ್ನು ಮೊದಲಿನಂತೆ ಮಾಡಿಸಿದೆ. ಕೊಳ್ಳಲು ಬಂದ ತರುಣನನ್ನು ಗಾಡಿಯ ಕೆಳಗೆ ಕರೆದೊಯ್ದು ಬೆಸುಗೆಯನ್ನು ತೋರಿಸಿದೆ. ಬೆಲೆಯಲ್ಲಿ ನಲವತ್ತು ಸಾವಿರ ರೂಪಾಯಿ ಇಳಿಯಿತು. ಅದನ್ನು ನಷ್ಟವೆಂದು ಲೆಕ್ಕ ಹಾಕಲಾರೆ. ಅದು ಗಾಡಿಯ ಬೆಲೆಯಲ್ಲ, ನನ್ನ ಮೌನದ ಬೆಲೆಯಾಗುತ್ತಿತ್ತು.

ಇದನ್ನು ತ್ಯಾಗವೆನ್ನಬಹುದೇ? ಖಂಡಿತ ಇಲ್ಲ. ಕೊಟ್ಟದ್ದಕ್ಕೆ ಹಣ ಪಡೆದೆ. ಅದಕ್ಕೆ ಇನ್ನಷ್ಟು ಸೇರಿಸಿ ದೊಡ್ಡ ವಾಹನವನ್ನೇ ಕೊಂಡೆ. ಲೆಕ್ಕದಲ್ಲಿ ನೋಡಿದರೆ ಬಾಹ್ಯ ಪರಿಗ್ರಹ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಬಿಡಬೇಕಾದದ್ದು ಒಳಗೆ ಇತ್ತು. ಹೆಸರಿನ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಮಮಕಾರದ ವರ್ಗಾವಣೆಗೆ ನಮೂನೆಯಿಲ್ಲ. ಒಂದು ತಿಂಗಳ ನಂತರ ಕಲ್ಪೆಟ್ಟೆಯ ಪೇಟೆಯಲ್ಲಿ ಆ ಗಾಡಿಯನ್ನು ಕಂಡೆ. ಹೊಸ ಬಣ್ಣ, ಹಿಂದೆ ಗೋಣಿಚೀಲಗಳು. ‘ನನ್ನ ಗಾಡಿಯನ್ನು ಏನು ಮಾಡಿಬಿಟ್ಟ!’ ಎಂದು ಮನಸ್ಸು ಕುದಿಯಿತು.

ಆಗ ನೆನಪಾದವರು ಬಾಹುಬಲಿ ಸ್ವಾಮಿಗಳು. ಪಂಪನ ಆದಿಪುರಾಣದಿಂದ ನಮ್ಮ ಅಜ್ಜಿಯರ ಬಾಯಿಯವರೆಗೆ ಹರಿದುಬಂದ ಕಥೆ ಅದು. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದ ರಾಜ್ಯವನ್ನೇ ಬಿಟ್ಟು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ‘ನಿಂತಿರುವುದು ಭರತನ ನೆಲ’ ಎಂಬ ಸಣ್ಣ ಮುಳ್ಳು ಉಳಿದಿತ್ತೆಂದು ಹಿರಿಯರು ಹೇಳುವರು. ಭರತನು ಬಂದು ನಮಿಸಿದಾಗ ಅದು ಕರಗಿತು, ಕೇವಲಜ್ಞಾನ ಉಂಟಾಯಿತು. ಅಂಥ ಮಹಾತ್ಮರಿಗೇ ಕೊನೆಯ ಎಳೆ ಕಡಿಯಲು ಅಷ್ಟು ಕಾಲ ಹಿಡಿದಿದ್ದರೆ ನಮ್ಮ ಪಾಡೇನು?

ತರುಣನು ನನ್ನನ್ನು ಕಂಡು ಇಳಿದು ಬಂದು, “ಸರ್, ಬಣ್ಣ ಹೇಗಿದೆ?” ಎಂದು ಕೇಳಿದ. “ಚೆನ್ನಾಗಿದೆ” ಎಂದೆ. ಸಹಿ ಹಾಕುವುದಕ್ಕಿಂತ ಆ ಒಂದು ಮಾತು ಕಷ್ಟವಾಯಿತು. ಆಡಿದ ಮೇಲೆ ಮಾತ್ರ ಹೃದಯ ಹಗುರವಾಯಿತು.

ಬಂಧುಗಳೇ, ನಮ್ಮೆಲ್ಲರ ಮನೆಯಲ್ಲಿಯೂ ಇಂಥದೊಂದು ವಸ್ತು ಇರುತ್ತದೆ. ಅದನ್ನು ಇಂದೇ ಬಿಡಿರೆಂದು ಹೇಳುವ ಅರ್ಹತೆ ನನಗಿಲ್ಲ. ಪರ್ವದ ಈ ದಿನಗಳಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿಕೊಳ್ಳೋಣ: ನಾನು ಪ್ರೀತಿಸುವ ಈ ವಸ್ತುವಿನ ಭಾರವನ್ನು ಮನೆಯಲ್ಲಿ ಯಾರಾದರೂ ಸದ್ದಿಲ್ಲದೆ ಹೊರುತ್ತಿದ್ದಾರೆಯೇ? ತಾಯಿಯವರು ಈಗ ಪ್ರತಿ ಚತುರ್ದಶಿಗೂ ಬಸದಿಗೆ ಬರುತ್ತಾರೆ. ಅವರು ಯಾರ ಕೈಯನ್ನೂ ಹಿಡಿಯದೆ ವಾಹನದಿಂದ ಇಳಿಯುವುದನ್ನು ನೋಡುವಾಗ ನನಗೆ ಹಳೆಯ ಗಾಡಿಯ ನೆನಪು ಬರುವುದಿಲ್ಲ.

ಜಯ ಜಿನೇಂದ್ರ.