ಮುರಿದವು ಯಾರ ಪಾಲು?

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ಮನೆಯಲ್ಲಿ ಕಲ್ಕಲ್ ಸಿದ್ಧವಾಗುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರು ಇದನ್ನು ಕಿಡಿಯೊ, ಅಂದರೆ ಹುಳುಗಳು, ಎನ್ನುತ್ತಾರೆ. ಆಕಾರ ನೋಡಿದರೆ ಹೆಸರು ತಪ್ಪಲ್ಲ. ಮೈದಾಹಿಟ್ಟಿಗೆ ಮೊಟ್ಟೆ, ತೆಂಗಿನಹಾಲು ಬೆರೆಸಿ ನಾದಿ, ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಮಾಡಿ ಕರಿಯಬೇಕು. ಅನಂತರ ಸಕ್ಕರೆಯ ಎಳೆಪಾಕಕ್ಕೆ ಹಾಕಿ, ಒಲೆಯಿಂದಿಳಿಸಿ, ಬಿಡದೆ ಮಗುಚುತ್ತಿದ್ದರೆ ಪಾಕವು ಹರಳುಗಟ್ಟಿ ಬಿಳಿಯ ಹೊದಿಕೆಯಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳು ಕಬ್ಬಿನ ಸೀಮೆ. ಸಕ್ಕರೆಗೆ ನಮ್ಮಲ್ಲಿ ಬರವಿಲ್ಲ.

ಕಷ್ಟವಿರುವುದು ಹಂಚುವಲ್ಲಿ. 1799ರ ಬಳಿಕ ಇಲ್ಲಿಗೆ ಬಂದ ಅಬ್ಬೆ ದುಬ್ವಾ ಅವರು ಕಟ್ಟಿಸಿದ ಗಂಜಾಂ ದೇವಾಲಯದಲ್ಲಿ ಒಮ್ಮೆ ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದು, ಬೆಳಗ್ಗೆ ತಟ್ಟೆಗಳನ್ನು ಜೋಡಿಸುತ್ತಿದ್ದೆ. ಇಡಿಯಾದವು ಅಧಿಕಾರಿಗಳ ಮನೆಗಳಿಗೆ; ಮುರಿದವು ಪಾತ್ರೆ ತೊಳೆಯುವಾಕೆಗೆ. ರುಚಿ ಒಂದೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರುಚಿ ಒಂದೇ ಆಗಿದ್ದರೆ ಆರಿಸಿದ್ದೇಕೆ?

ಮುರಿದದ್ದನ್ನು ಕೊಡುವುದೇ ತಪ್ಪೆಂದು ನಾನು ಹೇಳಲಾರೆ. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಅದೂ ಪೂರ್ಣದಾನವೇ. ಆದರೆ ಅಂದು ನನ್ನ ಕೈ ತಿಂಡಿಯ ನೆಪದಲ್ಲಿ ಮನುಷ್ಯರನ್ನೇ ವಿಂಗಡಿಸುತ್ತಿತ್ತು.

ಮೂರು ವಾರಗಳ ತರುವಾಯ ಸಂಕ್ರಾಂತಿ ಬಂದಿತು. ಆಕೆ ಎಳ್ಳುಬೆಲ್ಲ ತಂದುಕೊಟ್ಟರು. ಜೊತೆಗೆ ಹಳೆಯ ಪತ್ರಿಕೆಯಲ್ಲಿ ಜೋಪಾನವಾಗಿ ಸುತ್ತಿದ್ದ ಸಕ್ಕರೆ ಅಚ್ಚೊಂದಿತ್ತು. ಅದರ ಒಂದು ಮೂಲೆಯೂ ಮುರಿದಿರಲಿಲ್ಲ.